ಸೋಲ್ ಸಂಗೀತದ ಅಸಿಟೇಟ್ ತಟ್ಟೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ವಾರವೆಲ್ಲಾ ಕಾರಿನ ಬಿಡಿಭಾಗಗಳ ಕೆಲಸ. ಶನಿವಾರ ಬೆಳಿಗ್ಗೆ ಮಾತ್ರ ಹಳೇ ಮನೆಗಳ ಸಾಮಾನು ಮಾರುವ ಕಡೆ ಓಟ. ಹನ್ನೆರಡು ವರ್ಷದಿಂದ ಇದೇ ಚಟ: ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಅಸಿಟೇಟ್ ತಟ್ಟೆ ಹುಡುಕುವುದು. ಮನೆಗೆ ಬರುವ ಗೆಳೆಯರು, ಊರಿಂದ ಫೋನ್ ಮಾಡುವ ತಮ್ಮ, ಈಗಷ್ಟೇ ತಟ್ಟೆ ಕೊಳ್ಳಲು ಶುರುಮಾಡಿದ ಹುಡುಗರು, ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯಲಿ ಅಂತ ಇದು.

ಅಸಿಟೇಟ್ ಅಂದರೇನು? ಅದೂ ಗ್ರಾಮಫೋನ್ ತಟ್ಟೆಯೇ ಅಲ್ವಾ?

ನೋಡುವುದಕ್ಕೆ ಹೌದು. ಹುಟ್ಟು ಬೇರೆ. ಅಂಗಡಿಯಲ್ಲಿ ಸಿಗುವ ವಿನೈಲ್ ತಟ್ಟೆ ಅಚ್ಚೊತ್ತಿದ್ದು. ಬಿಸಿ ಪ್ಲಾಸ್ಟಿಕ್ ಮುದ್ದೆಯನ್ನು ಎರಡು ಲೋಹದ ಅಚ್ಚಿನ ನಡುವೆ ಒತ್ತುತ್ತಾರೆ. ಒಂದೇ ಜೋಡಿ ಅಚ್ಚಿನಿಂದ ನೂರಾರು ತಟ್ಟೆ ಬರುತ್ತವೆ. ಅಸಿಟೇಟನ್ನು ಒಂದೊಂದಾಗಿ ಕೊರೆಯಬೇಕು. ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಲ್ಯಾಕರ್ ಅನ್ನುವ ಕಪ್ಪು ಮೆರುಗುಲೇಪ ಬಳಿದಿರುತ್ತಾರೆ. ಅದು ಲೇತ್ ಅನ್ನುವ ಕೊರೆಯುವ ಯಂತ್ರದ ಮೇಲೆ ತಿರುಗುತ್ತಿರುವಾಗ ಬಿಸಿ ಮಾಡಿದ ನೀಲಮಣಿಯ ಮೊನೆ ಗೆರೆ ಕೊರೆಯುತ್ತಾ ಹೋಗುತ್ತದೆ. ಕೊರೆದಲ್ಲಿಂದ ಎದ್ದ ಲ್ಯಾಕರ್ ಕಪ್ಪು ಕೂದಲಿನ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಪಕ್ಕದಲ್ಲೇ ಇರುವ ಸಣ್ಣ ಕೊಳವೆ ಅದನ್ನು ಹೀರಿಕೊಳ್ಳುತ್ತದೆ. ಮೂರು ನಿಮಿಷದ ಹಾಡಿಗೆ ಮೂರು ನಿಮಿಷ ಬೇಕು. ಎರಡನೇ ಪ್ರತಿ ಬೇಕಾದರೆ ಮತ್ತೆ ಮೂರು ನಿಮಿಷ.

ಹೆಸರೇ ಸುಳ್ಳು ಅನ್ನುವುದು ಇನ್ನೊಂದು ತಮಾಷೆ. ಇದರಲ್ಲಿ ಅಸಿಟೇಟ್ ಇಲ್ಲ. ಲೇಪ ನೈಟ್ರೋಸೆಲ್ಯುಲೋಸಿನದು. ಉಗುರಿಗೆ ಹಚ್ಚುವ ಬಣ್ಣದಲ್ಲೂ ಅದೇ ಇರುತ್ತದೆ. ಗಟ್ಟಿಯಾಗಿ ಬಿರಿಯದಿರಲಿ ಅಂತ ಅದಕ್ಕೆ ಹರಳೆಣ್ಣೆ ಸೇರಿಸುತ್ತಿದ್ದರು. ಹೌದು, ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. 1934ರಲ್ಲಿ ಫ್ರಾನ್ಸಿನ ಪಿರಾಲ್ ಕಂಪನಿ ಈ ಬಗೆಯ ತಟ್ಟೆ ತಂದಿತು. ಅಮೆರಿಕದಲ್ಲಿ ಪ್ರೆಸ್ಟೊ, ಆಡಿಯೊಡಿಸ್ಕ್ ಮುಂತಾದ ಹೆಸರಿನ ಖಾಲಿ ತಟ್ಟೆಗಳು ಬಂದವು. ಎರಡನೇ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೂ ಲ್ಯಾಕರ್ ಬಳಿದರು. ಸೋಲ್ ಕಾಲಕ್ಕೆ, ಅಂದರೆ 1960ರ ದಶಕಕ್ಕೆ, ಮತ್ತೆ ಅಲ್ಯೂಮಿನಿಯಂ ಬಂದಿತ್ತು.

ಹಾಡನ್ನು ಟೇಪಿನಲ್ಲೇ ಹಿಡಿದಿದ್ದರಲ್ಲ, ಮತ್ತೆ ತಟ್ಟೆ ಯಾಕೆ ಕೊರೆಯಬೇಕಿತ್ತು?

1964ರಲ್ಲಿ ನೀವೊಬ್ಬ ಹಾಡುಗಾರ ಅಂದುಕೊಳ್ಳಿ. ಮಧ್ಯಾಹ್ನ ಸ್ಟುಡಿಯೊದಲ್ಲಿ ಹಾಡಿದಿರಿ. ಹೇಗೆ ಬಂತು ಅಂತ ಮನೆಯಲ್ಲಿ ಕೇಳಬೇಕು. ಕ್ಯಾಸೆಟ್ ಆಗಷ್ಟೇ ಯುರೋಪಿನಲ್ಲಿ ಕಣ್ಣು ಬಿಟ್ಟಿತ್ತು. ದೊಡ್ಡ ಸುರುಳಿಯ ಟೇಪ್ ಯಂತ್ರ ಎಲ್ಲರ ಮನೆಯಲ್ಲೂ ಇರಲಿಲ್ಲ. ಆದರೆ ತಟ್ಟೆ ಹಾಕುವ ಪೆಟ್ಟಿಗೆ ಹೆಚ್ಚುಕಮ್ಮಿ ಪ್ರತಿ ಮನೆಯಲ್ಲೂ ಇತ್ತು. ಹಾಗಾಗಿ ಸ್ಟುಡಿಯೊದವರು ಟೇಪಿನಿಂದ ಒಂದು ತಟ್ಟೆ ಕೊರೆದು, ಲೇಬಲ್ಲಿಗೆ ಟೈಪ್ ಹೊಡೆದು ಕೈಗೆ ಕೊಡುತ್ತಿದ್ದರು.

ಹಾಡು ಬರೆಯುವವರಿಗೂ ಇದೇ ಬೇಕಿತ್ತು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1619 ಮತ್ತು 1650ನೇ ನಂಬರಿನ ಕಟ್ಟಡಗಳ ತುಂಬಾ ಹಾಡು ಪ್ರಕಾಶಕರ ಕಚೇರಿಗಳಿದ್ದವು. ಯಾರೋ ಒಬ್ಬರಿಂದ ಹಾಡಿಸಿ, ತಟ್ಟೆ ಕೊರೆಸಿ, ಅದನ್ನು ಬಗಲಲ್ಲಿಟ್ಟುಕೊಂಡು ಮಹಡಿಯಿಂದ ಮಹಡಿಗೆ ಹತ್ತಿ ಮಾರುತ್ತಿದ್ದರು. ನಮಗೆ ಸಿಗುವ ಒಳ್ಳೊಳ್ಳೆ ದನಿಗಳಲ್ಲಿ ಎಷ್ಟೋ ಆ "ಯಾರೋ ಒಬ್ಬರ" ದನಿ.

ಡೆಟ್ರಾಯಿಟಿನ ಮೋಟೌನ್ ಕಂಪನಿಯಲ್ಲಂತೂ ಇದೊಂದು ಪದ್ಧತಿಯೇ ಆಗಿತ್ತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ 2648ನೇ ನಂಬರಿನ ಮನೆ ಈಗ ಮ್ಯೂಸಿಯಂ. ಅಲ್ಲಿ ಶುಕ್ರವಾರ ಬೆಳಿಗ್ಗೆ ಕಂಪನಿ ಕಟ್ಟಿದ ಬೆರಿ ಗಾರ್ಡಿಯ ಮುಂದೆ ವಾರದ ಹಾಡುಗಳ ಪಂಚಾಯ್ತಿ ನಡೆಯುತ್ತಿತ್ತು. ಹೊಸದಾಗಿ ಕೊರೆದ ಅಸಿಟೇಟ್‌ಗಳನ್ನು ಒಂದೊಂದಾಗಿ ಹಾಕಿ ಓಟು ಹಾಕುತ್ತಿದ್ದರು. ಕೈಯಲ್ಲಿ ಒಂದೇ ಡಾಲರ್ ಇದ್ದು ಹಸಿವೂ ಆಗಿದ್ದರೆ, ಈ ತಟ್ಟೆ ಕೊಳ್ಳುತ್ತೀರೋ ಸ್ಯಾಂಡ್‌ವಿಚ್ ಕೊಳ್ಳುತ್ತೀರೋ ಅಂತ ಕೇಳುವುದಿತ್ತು. ಸ್ಯಾಂಡ್‌ವಿಚ್ ಗೆದ್ದರೆ ಹಾಡು ಕಪಾಟಿಗೆ. ಹಾಗೆ ಕಪಾಟು ಸೇರಿದ ಹಾಡುಗಳ ಬೆನ್ನು ಬಿದ್ದವರೇ ನಾವು.

ಬಿಡುಗಡೆಯಾಗದ ಹಾಡು ಅಂದಮೇಲೆ ಅದು ಚೆನ್ನಾಗಿಲ್ಲ ಅಂತಲೇ ಅಲ್ವಾ ಅರ್ಥ?

ಅರ್ಧ ಸರಿ. ಸುಮಾರು ಅಸಿಟೇಟ್‌ಗಳು ಸಪ್ಪೆ. ಕೇಳಿ ನಿಟ್ಟುಸಿರು ಬಿಟ್ಟು ಪಕ್ಕಕ್ಕಿಟ್ಟದ್ದೇ ಜಾಸ್ತಿ. ಆದರೆ ಹಾಡು ನಿಂತುಹೋಗುವುದಕ್ಕೆ ನೂರು ಕಾರಣ. ಕಂಪನಿಯಲ್ಲಿ ದುಡ್ಡಿಲ್ಲ, ಹಾಡಿದವನನ್ನು ಸೈನ್ಯಕ್ಕೆ ಕರೆದರು, ಅದೇ ವಾರ ಇನ್ನೊಬ್ಬರ ಹಾಡು ಓಡಿತು, ಪಾಲುದಾರರು ಜಗಳವಾಡಿದರು. ಮೋಟೌನಿನಲ್ಲಿ ಒಂದೇ ಹಾಡನ್ನು ಮೂರ್ನಾಲ್ಕು ಜನರಿಂದ ಹಾಡಿಸಿ ಒಂದನ್ನಷ್ಟೇ ಹೊರಗೆ ಬಿಡುವುದು ಮಾಮೂಲು.

ಟೇಪುಗಳ ಗತಿಯನ್ನೂ ಕೇಳಿ. 1967ರ ಜುಲೈನಲ್ಲಿ ಗಲಭೆಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದಾಗ 12ನೇ ಬೀದಿಯಲ್ಲಿದ್ದ ಜೋ ವಾನ್ ಬ್ಯಾಟಲ್ ಅವರ ತಟ್ಟೆ ಅಂಗಡಿ ನಾಶವಾಯಿತು. ಅವರೇ ವರ್ಷಗಟ್ಟಲೆ ಹಿಡಿದಿಟ್ಟಿದ್ದ ಟೇಪುಗಳೂ ಹೋದವು. 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಅಟ್ಲಾಂಟಿಕ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿತ್ತು. ಅಲ್ಲಿ ಇಟ್ಟಿದ್ದರಲ್ಲಿ ಬಹುಪಾಲು ಬಿಡುಗಡೆಯಾಗದ ಹಾಡುಗಳ ಟೇಪುಗಳೇ. ಸಣ್ಣ ಕಂಪನಿಗಳು ಟೇಪಿನ ದುಡ್ಡು ಉಳಿಸಲು ಹಳೇ ಹಾಡಿನ ಮೇಲೇ ಹೊಸದನ್ನು ಹಿಡಿದದ್ದೂ ಉಂಟು. ಹೀಗೆ ಟೇಪ್ ಹೋಗಿ, ಹಾಡುಗಾರ್ತಿ ಅವತ್ತು ಮನೆಗೆ ಒಯ್ದ ತಟ್ಟೆ ಮಾತ್ರ ಉಳಿದಿರುತ್ತದೆ. ಹೆಚ್ಚಾಗಿ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಮೇಲಿನ ಕಪಾಟಿನಲ್ಲಿ.

ನೋಡಿದ ಕೂಡಲೇ ಗುರುತಿಸುವುದು ಹೇಗೆ?

ಮೊದಲು ಕೈಯಲ್ಲಿ ಎತ್ತಿ ನೋಡಿ. ಲೋಹ ಇರುವುದರಿಂದ ತೂಕ ಜಾಸ್ತಿ, ಬೆರಳಿಗೆ ತಣ್ಣಗೆ ಹತ್ತುತ್ತದೆ. ಆಮೇಲೆ ನಡುವಿನ ತೂತಿನ ಅಂಚು ನೋಡಿ. ಕಪ್ಪು ಲೇಪದ ನಡುವೆ ಬೆಳ್ಳಗೆ ಅಲ್ಯೂಮಿನಿಯಂ ಹೊಳೆಯುತ್ತಿರುತ್ತದೆ. ಎಷ್ಟೋ ತಟ್ಟೆಗಳಲ್ಲಿ ನಡುವಿನ ತೂತಿನ ಪಕ್ಕ ಇನ್ನೊಂದು ಸಣ್ಣ ತೂತು ಇರುತ್ತದೆ. ಲೇತ್ ಮೇಲೆ ಜಾರದಂತೆ ಸಿಕ್ಕಿಸಲು ಮಾಡಿದ್ದು ಅದು. ಲೇಬಲ್ಲಿನ ಕಾಗದದ ಕೆಳಗೆ ಆ ತೂತು ಅಡಗಿರುವುದೂ ಇದೆ. ಬೆರಳಾಡಿಸಿದರೆ ಗುಳಿ ಸಿಗುತ್ತದೆ. ನನ್ನ ಮಗಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ.

ಲೇಬಲ್ ಸಾಮಾನ್ಯವಾಗಿ ಸ್ಟುಡಿಯೊದ್ದು. ಹೆಸರು, ವಿಳಾಸ, ಫೋನ್ ನಂಬರು ಅಚ್ಚಾಗಿರುತ್ತದೆ. ಹಾಡಿನ ಹೆಸರನ್ನು ಟೈಪ್ ಮಾಡಿರುತ್ತಾರೆ ಅಥವಾ ಪೆನ್ನಿನಲ್ಲಿ ಗೀಚಿರುತ್ತಾರೆ. ಕಾಗುಣಿತ ತಪ್ಪಿರುವುದೇ ಹೆಚ್ಚು. ಹಾಡಿದವರ ಹೆಸರು ಇರಬೇಕಾದ ಜಾಗ ಖಾಲಿ.

ಲೇಬಲ್ಲಿನಿಂದ ವರ್ಷ ತಿಳಿಯುತ್ತದಾ?

ಅಂದಾಜು ಸಿಗುತ್ತದೆ. ವಿಳಾಸದಲ್ಲಿ ನಮ್ಮ ಪಿನ್ ಕೋಡಿನಂಥ ಐದಂಕಿಯ ಜಿಪ್ ಕೋಡ್ ಇದ್ದರೆ ಆ ಲೇಬಲ್ 1963ರ ಜುಲೈಗಿಂತ ಈಚಿನದು. ಆ ಕೋಡ್ ಶುರುವಾದದ್ದೇ ಆಗ. ಫೋನ್ ನಂಬರು ಎರಡು ಅಕ್ಷರಗಳಿಂದ ಶುರುವಾದರೆ ಅದು ಹಳೇ ಎಕ್ಸ್‌ಚೇಂಜ್ ಪದ್ಧತಿ. 1960ರ ದಶಕದಲ್ಲಿ ನಿಧಾನವಾಗಿ ಪೂರ್ತಿ ಅಂಕಿಗಳಿಗೆ ಬದಲಾಯಿತು. ಸ್ಟುಡಿಯೊ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದೂ ಸಹಾಯಕ್ಕೆ ಬರುತ್ತದೆ. ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಬಾಗಿಲು ತೆರೆದದ್ದು 1968ರಲ್ಲಿ. ಹಾಗಾಗಿ ಅದರ ಲೇಬಲ್ ಅಂಟಿಸಿದ ತಟ್ಟೆಯನ್ನು 1965ರದು ಅಂತ ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ಹೋಗಿ. ಒಂದು ಎಚ್ಚರಿಕೆ: ಅಚ್ಚು ಹಾಕಿಸಿದ ಲೇಬಲ್ ಮುಗಿಯುವ ತನಕ ಸ್ಟುಡಿಯೊದವರು ಹಳೇದನ್ನೇ ಅಂಟಿಸುತ್ತಿದ್ದರು. ನಾವೂ ಹಳೇ ಲೆಟರ್‌ಹೆಡ್ ಬಿಸಾಕುವುದಿಲ್ಲವಲ್ಲ.

ಎಲ್ಲಾ ಅಸಿಟೇಟೂ ಒಂದೇನಾ?

ಇಲ್ಲ. ಇಲ್ಲೇ ಹೊಸಬರು ದುಡ್ಡು ಕಳೆದುಕೊಳ್ಳುವುದು. ಸ್ಟುಡಿಯೊದಿಂದ ಅವತ್ತೇ ಹೊರಗೆ ಬಂದ ಪ್ರತಿ ಒಂದು. ಹಾಡು ಮಾರಲು ಪ್ರಕಾಶಕರು ಕೊರೆಸಿದ್ದು ಇನ್ನೊಂದು. ಕಾರ್ಖಾನೆಗೆ ಹೋಗುವ ಮೂಲ ಲ್ಯಾಕರ್ ಬೇರೆಯೇ. ಅದು ಅಳತೆಯಲ್ಲಿ ದೊಡ್ಡದು. ಅದನ್ನು ಯಾರೂ ಹಾಕಿ ಕೇಳುವುದಿಲ್ಲ. ಬೆಳ್ಳಿಯ ತೆಳು ಲೇಪ ಕೊಟ್ಟು, ಮೇಲೆ ನಿಕ್ಕಲ್ ಬೆಳೆಸಿ, ಅದರಿಂದ ಅಚ್ಚು ತೆಗೆಯುತ್ತಾರೆ. ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಕಾಸು ಹಾಕಿ ಹಾಡಿ ತಟ್ಟೆ ಪಡೆಯುವ ಪೆಟ್ಟಿಗೆಗಳೂ ಇದ್ದವು. ಅವುಗಳಲ್ಲಿ ಹೆಚ್ಚಾಗಿ ಸಿಗುವುದು ಹುಟ್ಟುಹಬ್ಬದ ಹಾರೈಕೆ.

ಇನ್ನೊಂದು ಜಾತಿ ಇಂಗ್ಲೆಂಡಿನದು. ಅದಕ್ಕೆ ಬೇರೆಯೇ ಉತ್ತರ ಬೇಕು.

ಅಮೆರಿಕದ ಹಾಡಿಗೆ ಇಂಗ್ಲೆಂಡಿನವರಿಗೆ ಯಾಕಿಷ್ಟು ಹುಚ್ಚು?

ಇದು ನನಗೆ ಬಹಳ ಇಷ್ಟದ ಕಥೆ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಸೋಲ್ ಸಂಗೀತದ ಚಹರೆ ಬದಲಾಯಿತು. ಫಂಕ್ ಅನ್ನುವ ಹೊಸ ಬಗೆ ಬಂತು, ಲಯ ಒಡೆಯಿತು. ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳ ಹುಡುಗರು ಮಾತ್ರ 1965-66ರ ಆ ಓಡುವ ಲಯವನ್ನೇ ಹಿಡಿದುಕೊಂಡು ಕೂತರು. ಅವರು ಸೇರುತ್ತಿದ್ದ ಕುಣಿತದ ಕ್ಲಬ್ಬುಗಳು: ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಸ್ಟೋಕ್ ಹತ್ತಿರದ ಗೋಲ್ಡನ್ ಟಾರ್ಚ್, ಬ್ಲ್ಯಾಕ್‌ಪೂಲಿನ ಮೆಕ್ಕಾ, ಕೊನೆಗೆ 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನ ತನಕ ವಿಗನ್ ಕ್ಯಾಸಿನೊ. ವಿಗನ್ನಿನಲ್ಲಿ ರಾತ್ರಿಯಿಡೀ ಕುಣಿತ. ಹೆಂಡ ಇಲ್ಲ. ಕಾಲು ಜಾರಲಿ ಅಂತ ನೆಲಕ್ಕೆ ಪೌಡರ್ ಚೆಲ್ಲುತ್ತಿದ್ದರು. ಲಂಡನ್ನಿನಲ್ಲಿ ತಟ್ಟೆ ಅಂಗಡಿ ಇಟ್ಟಿದ್ದ ಡೇವ್ ಗಾಡಿನ್ ಇದಕ್ಕೆ ನಾರ್ದರ್ನ್ ಸೋಲ್ ಅಂತ ಹೆಸರಿಟ್ಟರು.

ಅಲ್ಲಿ ಹಿಟ್ ಹಾಡಿಗೆ ಬೆಲೆಯಿಲ್ಲ. ಯಾರೂ ಕೇಳಿರದ ಹಾಡಿಗೆ ಬೆಲೆ. ಡಿಜೆಗಳು ಅಮೆರಿಕಕ್ಕೆ ಬಂದು ಗೋದಾಮು ಕೆದಕಿದರು. ಒಳ್ಳೆಯದು ಸಿಕ್ಕರೆ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಹಾಡಿದವರಿಗೆ ಸುಳ್ಳು ಹೆಸರು ಕೊಟ್ಟು ಹಾಕುತ್ತಿದ್ದರು. ಎದುರಾಳಿಗೆ ಸುಳಿವು ಸಿಗಬಾರದಲ್ಲ. ಊರಲ್ಲಿ ಅಣಬೆ ಏಳುವ ಜಾಗವನ್ನು ಯಾರಿಗೂ ಹೇಳುವುದಿಲ್ಲವಲ್ಲ, ಹಾಗೇ.

ಒಂದೇ ಪ್ರತಿ ಇರುವ ಹಾಡನ್ನು ಇಬ್ಬರು ಡಿಜೆಗಳು ಹಾಕಬೇಕಾದರೆ? ಹೋಗಿ ಅಸಿಟೇಟ್ ಕೊರೆಸುವುದು. ಇಎಂಐ ಕಂಪನಿಯ ಎಮಿಡಿಸ್ಕ್ ಅನ್ನುವ ಖಾಲಿ ತಟ್ಟೆ ಇದಕ್ಕೆ ಹೆಸರುವಾಸಿ. ಇವು ನಕಲುಗಳು. ಆ ಕಾಲದ ನೆನಪಾಗಿ ಚೆಂದ. ಆದರೆ ಡೆಟ್ರಾಯಿಟಿನಲ್ಲಿ ಹಾಡಿದ ದಿನವೇ ಕೊರೆದ ತಟ್ಟೆಯ ದರ ಇವಕ್ಕೆ ಕೊಡಬೇಡಿ.

ಬೆಲೆ ಎಷ್ಟಿರುತ್ತದೆ?

ಎರಡು ಡಾಲರಿನಿಂದ ಮೇಲಕ್ಕೆ ಎಷ್ಟು ಬೇಕಾದರೂ. ಜನ ಯಾವಾಗಲೂ ಹೇಳುವ ಉದಾಹರಣೆ ಫ್ರಾಂಕ್ ವಿಲ್ಸನ್ ಅವರದು. 1965ರಲ್ಲಿ ಮೋಟೌನಿನ ಸೋಲ್ ಅನ್ನುವ ಉಪಲೇಬಲ್ಲಿಗೆ, ಅಂದರೆ ಕಂಪನಿಯ ಇನ್ನೊಂದು ಬ್ರ್ಯಾಂಡಿಗೆ, ಹಾಡಿದ್ದು. ಬಿಡುಗಡೆಗೆ ಮುಂಚೆಯೇ ಕೈಬಿಟ್ಟರು. ಉಳಿದ ಬೆರಳೆಣಿಕೆ ಪ್ರತಿಗಳಲ್ಲಿ ಒಂದು 2009ರಲ್ಲಿ 25,742 ಪೌಂಡಿಗೆ ಹೋಯಿತು. ಆದರೆ ಅದು ಅಚ್ಚೊತ್ತಿದ ಪ್ರಚಾರದ ಪ್ರತಿ. ಅಸಿಟೇಟ್ ಅಲ್ಲ.

ಅಸಿಟೇಟಿನದೇ ಬೇಕಂದರೆ ನ್ಯೂಯಾರ್ಕಿನ ಒಂದು ಕಥೆ ಇದೆ. ಡಿಯಾನ್ ವಾರ್ವಿಕ್, ಶಿರೆಲ್ಸ್ ಹಾಡುತ್ತಿದ್ದ ಸೆಪ್ಟರ್ ಕಂಪನಿಗೆ ಸ್ವಂತ ಸ್ಟುಡಿಯೊ ಇತ್ತು. 1966ರಲ್ಲಿ ಅಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ರಾಕ್ ತಂಡದ ಹಾಡುಗಳನ್ನು ಹಿಡಿದು ಒಂದು ಅಸಿಟೇಟ್ ಕೊರೆದರು. 2002ರಲ್ಲಿ ಅದು ಬೀದಿ ಮಾರಾಟದಲ್ಲಿ 75 ಸೆಂಟಿಗೆ ಸಿಕ್ಕಿತು. 2006ರಲ್ಲಿ ಇಬೇ ಹರಾಜಿನಲ್ಲಿ 1,55,401 ಡಾಲರ್ ಕೂಗು ಬಂತು. ಕೂಗಿದವನು ದುಡ್ಡು ಕೊಡಲಿಲ್ಲ. ಮತ್ತೆ ಹರಾಜಿಗಿಟ್ಟಾಗ 25,200 ಡಾಲರಿಗೆ ನಿಂತಿತು. ಹರಾಜಿನ ಮೊದಲ ಸುದ್ದಿಯನ್ನು ನಂಬಬಾರದು ಅಂತ ನಾನು ಕಲಿತದ್ದು ಇದರಿಂದ.

ಇವೆಲ್ಲ ತುದಿಯ ಮಾತು. ಹೆಸರಿಲ್ಲದ ಸೋಲ್ ಅಸಿಟೇಟಿಗೆ ನಾನು ಸಾಮಾನ್ಯವಾಗಿ ನೂರು ಡಾಲರಿನ ಒಳಗೇ ಕೊಟ್ಟಿದ್ದೇನೆ. ಬೆಲೆ ನಿಲ್ಲುವುದು ಮೂರರ ಮೇಲೆ: ಹಾಡು ಬೇರೆಲ್ಲೂ ಇಲ್ಲವಾ, ಕುಣಿಸುವಂತಿದೆಯಾ, ತಟ್ಟೆ ಇನ್ನೂ ಹಾಡುತ್ತದಾ. ಹಳೇ ಹರಾಜುಗಳ ದರ ನೋಡಲು ಪಾಪ್‌ಸೈಕ್ ಅನ್ನುವ ವೆಬ್‌ಸೈಟ್ ಇದೆ. ಕೊಳ್ಳುವ ಮುಂಚೆ ಧ್ವನಿ ತುಣುಕು ಕೇಳಿ. ಕೊಡುವುದಿಲ್ಲ ಅಂದರೆ ಬಿಟ್ಟುಬಿಡಿ.

ನಕಲಿ ಇರುತ್ತವಾ?

ಇರುತ್ತವೆ. ಖಾಲಿ ಹಳೇ ತಟ್ಟೆಗಳು ಈಗಲೂ ಸಿಗುತ್ತವೆ. ಅದರ ಮೇಲೆ ಸಿಡಿಯಿಂದ ಹಾಡು ಕೊರೆದು, ಚಹಾ ನೀರಿನಲ್ಲಿ ಅದ್ದಿದ ಲೇಬಲ್ ಅಂಟಿಸಿದರೆ ಮುಗಿಯಿತು. ನಾನೊಂದು ಸಲ ಬಿದ್ದಿದ್ದೇನೆ. ಕೊಟ್ಟಿದ್ದು 140 ಡಾಲರ್. ಮನೆಗೆ ಬಂದು ಹಾಕಿದರೆ ಹಾಡಿನ ಹಿಂದೆ ಟಿಕ್ ಟಿಕ್ ಸದ್ದು. ಅಸಿಟೇಟಿನಲ್ಲಿ ಸದ್ದು ಇರುವುದೇ ಅಂತ ಸುಮ್ಮನಾದೆ. ಆಮೇಲೆ ಕಿವಿಗೊಟ್ಟು ಕೇಳಿದೆ. ಟಿಕ್ ಟಿಕ್ ತಟ್ಟೆ ತಿರುಗುವ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 45ರ ತಟ್ಟೆ ನಿಮಿಷಕ್ಕೆ 45 ಸುತ್ತು ತಿರುಗುತ್ತದೆ, ಅದರಲ್ಲಿ ಗೀರು ಬಿದ್ದಿದ್ದರೆ ನಿಮಿಷಕ್ಕೆ 45 ಸಲ ಟಿಕ್ ಅನ್ನಬೇಕು. ಇದು 33ರ ಲೆಕ್ಕದಲ್ಲಿ ಅನ್ನುತ್ತಿತ್ತು. ಅಂದರೆ 33ರಲ್ಲಿ ತಿರುಗುವ ಯಾವುದೋ ಎಲ್‌ಪಿಯಲ್ಲಿ ಬಂದ ಹಾಡನ್ನು, ಅದರ ಗೀರಿನ ಸಮೇತ, ಇದರ ಮೇಲೆ ಕೊರೆದಿದ್ದರು. ಕಳ್ಳನಿಗೂ ಒಂದಿಷ್ಟು ಶ್ರದ್ಧೆ ಬೇಡವಾ?

ಎಷ್ಟು ಸಲ ಹಾಕಬಹುದು?

ನನ್ನನ್ನು ಕೇಳಿದರೆ ಒಂದು ಸಲ. ಲ್ಯಾಕರ್ ವಿನೈಲಿಗಿಂತ ಮೆದು. ಮುಳ್ಳು ಓಡಿದಾಗಲೆಲ್ಲ ಗೆರೆಯ ಗೋಡೆ ಸವೆಯುತ್ತದೆ. ಮೊದಲು ಹೋಗುವುದು ಮೇಲಿನ ಸ್ವರಗಳು, ತಾಳದ ಝಣ್ ಅನ್ನುವ ಸದ್ದು. ಆಮೇಲೆ ಮರಳು ಸುರಿದ ಹಾಗೆ ಗೊರಗೊರ. ಹಳೇ ಕಾಲದ ಭಾರದ ತೋಳಿನ ಪೆಟ್ಟಿಗೆಯಲ್ಲಿ ಹತ್ತಾರು ಸಲ ಓಡಿದ ತಟ್ಟೆ ಕೈಗೆ ಬಂದರೆ ಅದನ್ನು ನೋಡಿಯೇ ಹೇಳಬಹುದು. ಗೆರೆಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ.

ಹಾಗಾಗಿ ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಗುರ ತೋಳು, ಮುಳ್ಳು ಕೂರುವ ಒಳ್ಳೆ ಕಾರ್ಟ್ರಿಜ್, ಮುಳ್ಳಿನ ಮೇಲೆ ಎರಡು ಗ್ರಾಂ ಒಳಗಿನ ಭಾರ. ಆ ಕಾಲದ ಮೋನೊ ತಟ್ಟೆಗೆ 25 ಮೈಕ್ರಾನಿನ ದುಂಡು ಮುಳ್ಳು ಸರಿ. ಹಾಕುವ ಮುಂಚೆ ಬೇರೊಂದು ಕೆಲಸಕ್ಕೆ ಬಾರದ ತಟ್ಟೆಯಲ್ಲಿ ವೇಗ, ಧ್ವನಿಮಟ್ಟ ಎಲ್ಲಾ ಪರೀಕ್ಷೆ ಮಾಡಿಟ್ಟುಕೊಳ್ಳಿ. 45 ಅಂದುಕೊಂಡದ್ದು 33 ಆಗಿರಬಹುದು. ಗೆರೆ ಎಷ್ಟು ಅಗಲಕ್ಕಿದೆ ಅಂತ ಅಳೆದು, ಹಾಡಿನ ಉದ್ದ ಊಹಿಸಿ, ಆಮೇಲೆ ಮುಳ್ಳು ಇಳಿಸಿ. ಹೆಂಡತಿಗೆ ಮಿಕ್ಸಿ ಹಾಕಬೇಡ ಅಂತ ಮೊದಲೇ ಹೇಳಿ. ಇದು ಅನುಭವದ ಮಾತು.

ಕೊಳೆಯಾಗಿದ್ದರೆ ತೊಳೆಯುವುದು ಹೇಗೆ?

ಆಲ್ಕೊಹಾಲ್ ಮುಟ್ಟಿಸಬೇಡಿ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲ ವರ್ಷ ನನಗೊಂದು ಏಳಿಂಚಿನ ತಟ್ಟೆ ಸಿಕ್ಕಿತು. ಒಂದು ಕಡೆ ಬರೀ ಬೆರಳಚ್ಚು, ಜಿಡ್ಡು. ವಿನೈಲ್ ತೊಳೆಯಲು ಇಟ್ಟಿದ್ದ ದ್ರವ ಬಟ್ಟೆಗೆ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯಿತು. ಎಷ್ಟು ಕೊಳೆ ನೋಡು ಅಂತ ಖುಷಿಯಿಂದ ಇನ್ನೊಂದು ಸುತ್ತು ಒರೆಸಿದೆ. ಇನ್ನೂ ಕಪ್ಪು. ಮೂರನೇ ಸುತ್ತಿಗೆ ತಲೆಗೆ ಹೋಯಿತು, ನಾನು ಒರೆಸುತ್ತಿರುವುದು ಹಾಡನ್ನೇ ಅಂತ. ಉಗುರುಬಣ್ಣ ತೆಗೆಯುವ ಹಾಗೆ ಲ್ಯಾಕರ್ ಕರಗಿ ಬರುತ್ತಿತ್ತು. ಆ ಬಟ್ಟೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಧೂಳಿದ್ದರೆ ಗಾಳಿ ಊದುವ ರಬ್ಬರ್ ಬುರುಡೆ, ಮೆತ್ತನೆ ಕುಂಚ ಸಾಕು. ತಟ್ಟೆ ಗಟ್ಟಿಮುಟ್ಟಾಗಿದ್ದರೆ ಬಟ್ಟಿ ಇಳಿಸಿದ ನೀರು, ಅದಕ್ಕೊಂದು ಹನಿ ಸೌಮ್ಯ ಸೋಪಿನ ದ್ರವ. ಲೇಬಲ್ ನೆನೆಯಬಾರದು. ಪೆನ್ನಿನ ಬರಹ ಅಳಿಸಿದರೆ ಅರ್ಧ ಇತಿಹಾಸ ಹೋದ ಹಾಗೆ. ಸಣ್ಣ ಬಿರುಕು ಕಂಡರೂ ನೀರು ಬೇಡ.

ಮೇಲೆ ಬಿಳಿ ಪುಡಿ ಬಂದಿದೆ. ಬೂಷ್ಟಾ?

ಹೆಚ್ಚಾಗಿ ಬೂಷ್ಟಲ್ಲ. ಹರಳೆಣ್ಣೆ ಅಂದೆನಲ್ಲ, ವರ್ಷ ಕಳೆದ ಹಾಗೆ ಲೇಪದೊಳಗಿನ ಎಣ್ಣೆ ಒಡೆದು ಕೊಬ್ಬಿನ ಆಮ್ಲಗಳು ಪುಡಿಯಾಗಿ ಮೇಲೆ ಬರುತ್ತವೆ. ಪುಡಿಯನ್ನು ತೆಗೆಸಬಹುದು, ಗೊತ್ತಿರುವವರ ಕೈಯಲ್ಲಿ. ಅದರ ಹಿಂದಿರುವ ಕಾಯಿಲೆ ದೊಡ್ಡದು. ಎಣ್ಣೆ ಹೋದ ಲ್ಯಾಕರ್ ಕುಗ್ಗುತ್ತದೆ. ಕೆಳಗಿನ ಅಲ್ಯೂಮಿನಿಯಂ ಕುಗ್ಗುವುದಿಲ್ಲ. ಎಳೆದಾಟದಲ್ಲಿ ಲೇಪ ಬಿರಿಯುತ್ತದೆ, ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಹಾಗೆ. ಆಮೇಲೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಏಳುತ್ತದೆ. ಎದ್ದ ಮೇಲೆ ಯಾರೂ ಏನೂ ಮಾಡಲಾರರು. ಬಿಳಿ ಪುಡಿ ಕಂಡರೆ ಆ ತಿಂಗಳೇ ಧ್ವನಿ ಇಳಿಸಿಕೊಳ್ಳಿ.

ಇಡುವುದು ಹೇಗೆ?

ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಮೆತ್ತನೆ ಪಾಲಿಥಿನ್ ಒಳಕವಚ. ಪಿವಿಸಿ ಕವಚ ಬೇಡ. 18ರಿಂದ 20 ಡಿಗ್ರಿ, ಗಾಳಿಯ ತೇವ ನೂರಕ್ಕೆ 40-50. ಹಳೇ ಕಾಗದದ ಕವಚದ ಮೇಲೆ ಬರಹ ಇದ್ದರೆ ಅದನ್ನು ಬೇರೆ ಇಡಿ, ಎಸೆಯಬೇಡಿ. ನೈಟ್ರೋಸೆಲ್ಯುಲೋಸ್ ಚೆನ್ನಾಗಿ ಉರಿಯುತ್ತದೆ, ದೇವರ ದೀಪದ ಕಪಾಟಿನ ಪಕ್ಕ ಜಾಗ ಮಾಡಬೇಡಿ. 2020ರ ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಜಗತ್ತಿನಲ್ಲಿ ಈ ಲ್ಯಾಕರ್ ತಟ್ಟೆ ಮಾಡುತ್ತಿದ್ದದ್ದು ಎರಡೇ ಕಡೆ. ಅದರಲ್ಲೊಂದು ಅದು. ಇನ್ನೊಂದು ಜಪಾನಿನಲ್ಲಿದೆ.

ವಾಪಸ್ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಬಹುದಾ?

ಬೆಂಗಳೂರು, ಮೈಸೂರಾದರೆ ಪರವಾಗಿಲ್ಲ. ಮಂಗಳೂರು, ಉಡುಪಿಯ ಮಳೆಗಾಲಕ್ಕೆ ನಾನಂತೂ ಒಯ್ಯುವುದಿಲ್ಲ. ತೇವವೇ ಆ ಎಣ್ಣೆಯನ್ನು ಒಡೆಯುವುದು. ವಿಮಾನದಲ್ಲಿ ಕೈಚೀಲದಲ್ಲಿಡಿ. ಎರಡು ಕಡೆ ಗಟ್ಟಿ ರಟ್ಟು ಹಾಕಿ. ಅಲ್ಯೂಮಿನಿಯಂ ಒಮ್ಮೆ ಬಗ್ಗಿದರೆ ಬಗ್ಗಿಯೇ ಇರುತ್ತದೆ.

ಇಲ್ಲಿಂದ ಹಳೇ ಟರ್ನ್‌ಟೇಬಲ್ ಒಯ್ಯುವವರಿಗೆ ಇನ್ನೊಂದು ಮಾತು. 230ರಿಂದ 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡರೆ ಆಯಿತು ಅಂದುಕೊಳ್ಳುತ್ತಾರೆ. ಇಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಹಳೇ ಎಸಿ ಮೋಟರ್ ಆ ಲೆಕ್ಕಕ್ಕೇ ತಿರುಗುವುದು. 45ರ ತಟ್ಟೆ 37.5ರಲ್ಲಿ ತಿರುಗುತ್ತದೆ. ಹದಿನೆಂಟರ ಹುಡುಗಿಯ ದನಿ ಮಾವನವರ ದನಿಯಾಗುತ್ತದೆ. ಆ ಮೋಟರಿನ ರಾಟೆಯನ್ನು 50 ಹರ್ಟ್ಸಿನದಕ್ಕೆ ಬದಲಾಯಿಸಬೇಕು.

ತಟ್ಟೆ ನನ್ನದು. ಹಾಡನ್ನು ನಾನು ಬಿಡುಗಡೆ ಮಾಡಬಹುದಾ?

ಇಲ್ಲ. ತಟ್ಟೆ ಕೊಂಡರೆ ತಟ್ಟೆ ಮಾತ್ರ ನಿಮ್ಮದು. ಅಮೆರಿಕದ 2018ರ ಕಾನೂನಿನ ಪ್ರಕಾರ 1957ರಿಂದ 1972ರ ಫೆಬ್ರವರಿ 15ರ ಒಳಗಿನ ಧ್ವನಿಮುದ್ರಣಗಳಿಗೆ 2067ರ ಫೆಬ್ರವರಿ 15ರ ತನಕ ರಕ್ಷಣೆ ಇದೆ. ಸೋಲ್‌ನ ಚಿನ್ನದ ಕಾಲ ಪೂರ್ತಿ ಅದರೊಳಗೇ ಬಂತು. ಸರಿಯಾದ ದಾರಿ ಬೇಕಿದ್ದರೆ ಲಂಡನ್ನಿನ ಏಸ್ ಕಂಪನಿಯ ಕೆಂಟ್ ಲೇಬಲ್, ಶಿಕಾಗೊದ ನ್ಯೂಮೆರೊ ಗ್ರೂಪ್ ಇಂಥವರಿದ್ದಾರೆ. ಹಕ್ಕುದಾರರನ್ನು ಹುಡುಕಿ, ಒಪ್ಪಂದ ಮಾಡಿಕೊಂಡು ಹೊರತರುತ್ತಾರೆ. ಹಾಡಿದವರ ಕೈಗೆ ನಾಲ್ಕು ಕಾಸು ಸೇರುವುದು ಹಾಗಾದಾಗಲೇ.

ಹಾಡಿದವರು ಯಾರು ಅಂತ ಕಂಡುಹಿಡಿಯುವುದು ಹೇಗೆ?

ಈ ಪ್ರಶ್ನೆಗೆ ಕಾಯುತ್ತಿದ್ದೆ. ನನಗೆ ಈ ಚಟದಲ್ಲಿ ನಿಜವಾದ ರುಚಿ ಇರುವುದೇ ಇಲ್ಲಿ. ಒಂದು ತಟ್ಟೆಯ ಕಥೆ ಹೇಳುತ್ತೇನೆ.

ಡೆಟ್ರಾಯಿಟಿನ ಪಶ್ಚಿಮದ ಕಡೆ ಒಂದು ಇಟ್ಟಿಗೆ ಮನೆ. ಮನೆಯಾಕೆ ತೀರಿಕೊಂಡು ಸಾಮಾನು ಮಾರಾಟಕ್ಕಿತ್ತು. ನೆಲಮಾಳಿಗೆಯಲ್ಲಿ ಚರ್ಚಿನ ಭಜನೆಯ ತಟ್ಟೆಗಳ ರಾಶಿ. ಎತ್ತಿ ಎತ್ತಿ ಇಡುವಾಗ ಒಂದು ಕೈಗೆ ಭಾರ ಹತ್ತಿತು. ಹತ್ತಿಂಚಿನದು. ಲೇಬಲ್ಲಿನಲ್ಲಿ ಸ್ಟುಡಿಯೊದ ಹೆಸರು, ಟೈಪ್ ಮಾಡಿದ ಹಾಡಿನ ಹೆಸರು, ಅಷ್ಟೇ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಎರಡು ಪದ: ತುಂಬಾ ವೇಗ. ಎರಡು ಡಾಲರ್ ಕೊಟ್ಟು ತಂದೆ. ಹಾಕಿದರೆ ಎಳೇ ಹೆಣ್ಣುದನಿ. ಹಿಂದೆ ಪಿಯಾನೊ, ಡ್ರಮ್ಮು, ಬೇಸ್ ಮಾತ್ರ. ಎರಡನೇ ಚರಣದಲ್ಲಿ ಉಸಿರು ಸಾಲದೆ ಒಂದು ಪದ ನುಂಗುತ್ತಾಳೆ. ಹಾಡು ಮುಗಿದ ಮೇಲೆ ಕುರ್ಚಿ ಸರಿದ ಸದ್ದು.

ಹಾಡಿನ ಹೆಸರಿನಿಂದ ಶುರುಮಾಡಿದೆ. ಅಮೆರಿಕದ ಕಾಪಿರೈಟ್ ಕಚೇರಿ ಆ ಕಾಲದಲ್ಲಿ ದಾಖಲಾದ ಹಾಡುಗಳ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಮಾಡುತ್ತಿತ್ತು. ಅಚ್ಚಾಗದ ಹಾಡುಗಳೂ ಅದರಲ್ಲಿರುತ್ತವೆ. ಈಗ ಆ ಸಂಪುಟಗಳು ಕಂಪ್ಯೂಟರಿನಲ್ಲೇ ಸಿಗುತ್ತವೆ. ಅದೇ ಹೆಸರಿನ ಹಾಡು ನಾಲ್ಕು ಇದ್ದವು. ಒಂದರ ಪಕ್ಕ ಡೆಟ್ರಾಯಿಟಿನ ಇಬ್ಬರ ಹೆಸರು, 1966. ಹಾಡು ಬರೆದವರಿಗೆ ಹಕ್ಕಿನ ದುಡ್ಡು ವಸೂಲಿ ಮಾಡಿಕೊಡುವ ಬಿಎಂಐ ಸಂಸ್ಥೆಯ ಪಟ್ಟಿಯಲ್ಲಿ ಅವರದೇ ಇನ್ನೂ ಐದು ಹಾಡು ಸಿಕ್ಕವು. ಆಮೇಲೆ ಡೆಟ್ರಾಯಿಟ್ ಪಬ್ಲಿಕ್ ಲೈಬ್ರರಿಗೆ ಹೋದೆ. ಅಲ್ಲಿ 1943ರಲ್ಲಿ ಶುರುವಾದ ಹ್ಯಾಕ್ಲಿ ಸಂಗ್ರಹ ಇದೆ, ಕಪ್ಪು ಕಲಾವಿದರ ಫೋಟೊ, ಕಾಗದಪತ್ರ. ಅದೇ ಲೈಬ್ರರಿಯಲ್ಲಿ ಮಿಷಿಗನ್ ಕ್ರಾನಿಕಲ್ ಪತ್ರಿಕೆಯ ಹಳೇ ಸಂಚಿಕೆಗಳನ್ನು ಮೈಕ್ರೋಫಿಲ್ಮಿನಲ್ಲಿ ಓಡಿಸಿದೆ. ಮೂರು ಶನಿವಾರ ಹೋಯಿತು. ಕಣ್ಣು ಉರಿ. ಕೊನೆಗೊಂದು ಹೈಸ್ಕೂಲು ಹಾಡಿನ ಸ್ಪರ್ಧೆಯ ಜಾಹೀರಾತಿನಲ್ಲಿ, ಆ ಇಬ್ಬರಲ್ಲಿ ಒಬ್ಬನ ಹೆಸರಿನ ಕೆಳಗೆ, ಮೂರು ಹುಡುಗಿಯರ ತಂಡ. ಅದರಲ್ಲೊಂದು ಮನೆತನದ ಹೆಸರು ನಾನು ತಟ್ಟೆ ತಂದ ಮನೆಯದೇ.

ಅಂದರೆ ತೀರಿಕೊಂಡವರೇ ಹಾಡುಗಾರ್ತಿ. ನಾನು ಎರಡು ಡಾಲರ್ ಕೊಟ್ಟದ್ದು ಅವರ ಮಕ್ಕಳಿಗೆ. ಅವರಿಗೆ ಅಮ್ಮ ಹಾಡುತ್ತಿದ್ದಳು ಅಂತ ಗೊತ್ತಿತ್ತು, ಚರ್ಚಿನಲ್ಲಿ.

ಎಲ್ಲಾ ಸಲ ಹೀಗಾಗುವುದಿಲ್ಲ. ನನ್ನ ಹತ್ತಿರ 61 ಅಸಿಟೇಟ್ ಇವೆ. 38ರಲ್ಲಿ ಹಾಡಿದವರು ಯಾರಂತ ಇನ್ನೂ ಗೊತ್ತಾಗಿಲ್ಲ.

ನಿಮ್ಮ ಮನೆಗೆ ಬಂದರೆ ಹಾಕಿ ಕೇಳಿಸುತ್ತೀರಾ?

ಇಳಿಸಿಕೊಂಡದ್ದನ್ನು ಎಷ್ಟು ಸಲ ಬೇಕಾದರೂ ಕೇಳಿಸುತ್ತೇನೆ, ಕಾಫಿ ಜೊತೆಗೆ. ತಟ್ಟೆ ಹಾಕುವುದಿಲ್ಲ. ಯಾರು ಕೇಳಿದರೂ ಇಲ್ಲ ಅಂದಿದ್ದೇನೆ.

ಒಂದು ಸಲ ಮಾತ್ರ ಹಾಕಿದೆ. ಮೇಲೆ ಹೇಳಿದೆನಲ್ಲ, ಆ ಹಾಡುಗಾರ್ತಿಗೆ ಒಬ್ಬ ತಂಗಿ ಇದ್ದಾರೆ. ಎಂಬತ್ತರ ಹತ್ತಿರ ವಯಸ್ಸು. ಮಕ್ಕಳು ಕರೆದುಕೊಂಡು ಬಂದಿದ್ದರು. ಲ್ಯಾಪ್‌ಟಾಪಿನಲ್ಲಿ ಕೇಳಿಸಿದೆ. ತಲೆಯಾಡಿಸಿದರು. ಆಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲಿನ ಬರಹದ ಮೇಲೆ ಬೆರಳಿಟ್ಟು, ಇದನ್ನೇ ಹಾಕು ಮಗಾ ಅಂದರು. ಹಾಕಿದೆ. ನುಂಗಿದ ಪದ ಬಂದಾಗ ನಕ್ಕುಬಿಟ್ಟರು. ಅವತ್ತು ಅಕ್ಕನಿಗೆ ನೆಗಡಿ ಆಗಿತ್ತು, ಸ್ಟುಡಿಯೊ ದುಡ್ಡು ಕೊಟ್ಟಾಗಿತ್ತು ಅಂತ ಹಾಡಿದಳು ಅಂದರು.